ಅಗಸಿಯ ಹೊರಗಿನ ಕಟ್ಟೆ

ನಮ್ಮೂರಲ್ಲಿ ಒಳ್ಳೆಯವರೆನಿಸಿಕೊಳ್ಳಲು ಒಂದೇ ಅರ್ಹತೆ ಸಾಕು: ಸತ್ತಿರಬೇಕು. ಕಳೆದ ಶ್ರಾವಣದಲ್ಲಿ ಅಕ್ಕೋರು ಆ ಅರ್ಹತೆಯನ್ನು ಸಂಪಾದಿಸಿದರು. ಅಂದಿನಿಂದ ಚಹಾದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಪಂಚಾಯ್ತಿಯ ಮೆಟ್ಟಿಲ ಮೇಲೆ ಅವರ ಗುಣಗಾನ ಅವ್ಯಾಹತವಾಗಿ ನಡೆದಿದೆ. ಬದುಕಿದ್ದಾಗ ಅವರ ಛತ್ರಿಯ ತುದಿ ಕಂಡರೆ ಓಣಿ ಬದಲಿಸುತ್ತಿದ್ದ ಮಹನೀಯರೇ ಈ ಗಾಯನದಲ್ಲಿ ಮುಂದಾಳುಗಳು. ನಾನು ಅವರೊಂದಿಗೆ ಊರಿನ ಸರಕಾರಿ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನು. ಹೀಗಾಗಿ ಗುಣಗಾನದ ಹಕ್ಕು ನನಗೂ ಇದೆ. ಆದರೆ ಅವರು ಗುಣಗಾನಕ್ಕೆ ಒಗ್ಗುವ ಹೆಂಗಸಾಗಿರಲಿಲ್ಲ, ಅದೇ ತೊಂದರೆ.

ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುವುದು ರೂಢಿ. ಎತ್ತರದ, ಒಣಕಲು ಮೈಯ ಹೆಂಗಸು. ಬೇಸಿಗೆ ಮಳೆಗಾಲವೆನ್ನದೆ ಕೈಯಲ್ಲಿ ಕರಿಯ ಛತ್ರಿ. ಅದನ್ನು ಅವರು ಬಿಚ್ಚಿದ್ದನ್ನು ಕಂಡವರು ವಿರಳ. ನಕಾಶೆ ತೋರಿಸಲು, ನಾಯಿ ಓಡಿಸಲು, ಎದುರಾಡಿದವರ ಎದೆಯ ಕಡೆ ಗುರಿ ಹಿಡಿಯಲು ಅದು ಬಳಕೆಯಾಗುತ್ತಿತ್ತು. ಮದುವೆಯಾಗಲಿಲ್ಲ. ವಿದ್ಯುತ್ ಕಂಬ ಹತ್ತುವ ಕೆಲಸದ ತಮ್ಮನೊಂದಿಗೆ ಊರಾಚೆಯ ಕೇರಿಯಲ್ಲಿ ಇದ್ದರು. ಅವರ ತಂದೆಯ ಕಾಲಕ್ಕೇ ಮನೆತನ ಬುದ್ಧನಿಗೆ ಶರಣಾಗಿತ್ತು. ನಡುಮನೆಯಲ್ಲಿ ಬುದ್ಧನ ಚಿತ್ರ. ಆತನೊಬ್ಬನೇ ಆ ಮನೆಯಲ್ಲಿ ಸದಾ ಶಾಂತನಾಗಿ ಇದ್ದವನು.

ಶಾಲೆಗೆ ಅವರು ತಮ್ಮ ಚಹಾದ ಲೋಟವನ್ನು ತಾವೇ ತರುತ್ತಿದ್ದರು. ಕುಡಿದು, ತೊಳೆದು, ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು. ಯಾಕೆಂದು ನಾವ್ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅವರ ಮಾತು ಬಂದರೆ ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ, ಮಾತು ಬಾರದೆ ಇರುವುದಿಲ್ಲ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಊರಿಗೆ ಹಿಂದೆ ಕೋಟೆಯಿತ್ತು. ಕಿತ್ತೂರಿನದು ಕೋಟೆ, ನಮ್ಮದನ್ನು ಕೋಟೆಯೆನ್ನುವುದು ಬರಿಯ ಸ್ವಾಭಿಮಾನ. ಅದರ ಗೋಡೆಯ ಮಣ್ಣನ್ನು ಹಿರಿಯರು ಹೊಲಕ್ಕೂ ಮಾಳಿಗೆಗೂ ಹೊತ್ತು ಮುಗಿಸಿದ್ದರು. ಉಳಿದದ್ದು ಅಗಸಿಯೊಂದೇ: ಎರಡು ಗುಂಡನೆಯ ಬುರುಜು, ನಡುವೆ ಕಲ್ಲಿನ ಕಮಾನು, ಮೇಲೆ ಬಾವಲಿಗಳು ವಾಸವಿದ್ದ ಪಹರೆಯ ಕೋಣೆ. ಕಮಾನಿನ ಒಳಗೆ ಎಡಬಲಕ್ಕೆ ಎತ್ತರದ ಜಗಲಿಗಳು. ಊರ ದೊಡ್ಡವರು ಕೂತು ಲೋಕದ ವ್ಯವಹಾರ ಬಗೆಹರಿಸಲು. ಹೊರಗೆ ಬಲಗಡೆ ಒಂದೇ ಹಾಸುಗಲ್ಲಿನ ಗಿಡ್ಡ ಕಟ್ಟೆ, ಕಾವಲಿನವನಿಗೆ.

ಏರ್ಪಾಡು ಸರಳವಾಗಿತ್ತು. ಹೊತ್ತು ಮುಳುಗಿದ ಮೇಲೆ ಬಾಗಿಲು ಹಾಕಿ ಒಳಗಿನಿಂದ ಅಗುಳಿ ಜಡಿಯುತ್ತಿದ್ದರು. ಊರು ಕಾಯುವವನು ಊರ ಹೊರಗೆ ಉಳಿಯುತ್ತಿದ್ದ. ಅವನು ಎಚ್ಚರವಿದ್ದಾನೆಂದು ಒಳಗಿನವರಿಗೆ ತಿಳಿಯಬೇಕಲ್ಲ, ಅದಕ್ಕಾಗಿ ಆಗಾಗ ಕೋಲಿನಿಂದ ಕಟ್ಟೆಯನ್ನು ಕುಟ್ಟಬೇಕು. ಕೋಲಿನ ತುದಿಗೆ ಕಬ್ಬಿಣದ ಕಟ್ಟು. ತಲೆಮಾರುಗಳ ಕಾಲ ಹಾಗೆ ಕುಟ್ಟಿ ಕುಟ್ಟಿ ಆ ಗಟ್ಟಿಗಲ್ಲಿನಲ್ಲಿ ಅಂಬಲಿಯ ಬಟ್ಟಲಿನಷ್ಟು ಗುಣಿ ಬಿದ್ದಿತ್ತು. ಕುಟ್ಟಿದವರು ಅಕ್ಕೋರ ಮನೆತನದವರು. ಕೊನೆಯವನು ಅವರ ಮುತ್ಯಾ, ತಂದೆಯ ತಂದೆ.

ನಮ್ಮ ಮನೆ ಅಗಸಿಯ ಒಳಗಡೆ, ಗುಡಿಯ ಓಣಿಯಲ್ಲಿ. ಪೂಜೆ ಪಂಚಾಂಗದ ಮನೆತನ. ನನ್ನ ಕಾಲಕ್ಕೆ ಶಾಲೆಯ ಹಾಜರಿ ಪುಸ್ತಕಕ್ಕೆ ಇಳಿಯಿತು. ಆ ಕುಟ್ಟುವ ಸಪ್ಪಳ ಕೇಳದಿದ್ದರೆ ತನಗೆ ನಿದ್ದೆ ಹತ್ತುತ್ತಿರಲಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದಳು. ಒಂದು ರಾತ್ರಿ ಸಪ್ಪಳ ನಿಂತಿತು. ಓಣಿಗೆಲ್ಲ ಎಚ್ಚರವಾಯಿತು. ಬಾಗಿಲು ತೆರೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಬೆಳಕು ಹರಿದ ಮೇಲೆ ತೆರೆದು ನೋಡಿದರೆ, ಹಾವು ಕಡಿದು ಮುತ್ಯಾ ಸತ್ತಿದ್ದ.

ಇದನ್ನು ನಾನು ಒಮ್ಮೆ ಸ್ಟಾಫ್ ರೂಮಿನಲ್ಲಿ, ಇತಿಹಾಸವೆಂಬಂತೆ, ಅಕ್ಕೋರ ಮುಂದೆ ಹೇಳಿದೆ. ಅವರು ಲೋಟ ತೊಳೆಯುತ್ತಿದ್ದರು.

"ಕಟ್ಟಿ ಮ್ಯಾಲ ಸತ್ತಿದ್ದ ಅಂದ್ರೇನ್ರಿ ನಿಮ್ಮಜ್ಜಿ?"

"ಹೌದ್ರಿ. ಕುಂತಲ್ಲೇ ನಿದ್ದಿ ಹತ್ತಿತ್ತಂತ, ಆವಾಗ ಕಡೀತಂತ."

"ನಮ್ಮ ಕೇರ್ಯಾಗ ಬ್ಯಾರೆ ಹೇಳತಾರ್ರಿ ಸರ. ಬಾಗಲದ ಬುಡಕ ಬಿದ್ದಿದ್ದ. ಕೈ ಬಾಗಲದ ಮ್ಯಾಲ ಇತ್ತು."

ಇಷ್ಟು ಹೇಳಿ ಲೋಟ ಒರೆಸಿ ಚೀಲದಲ್ಲಿಟ್ಟುಕೊಂಡು ನಾಲ್ಕನೇ ಇಯತ್ತೆಗೆ ಹೋದರು. ಆ ವಿಷಯವನ್ನು ನನ್ನ ಮುಂದೆ ಮತ್ತೆ ಎತ್ತಲಿಲ್ಲ.

ಪ್ರತಿ ವರ್ಷ ತಮ್ಮ ತರಗತಿಯ ಮಕ್ಕಳನ್ನು ಅಗಸಿಗೆ ಕರೆದೊಯ್ಯುವುದು ಅವರ ಪದ್ಧತಿ. ಅರ್ಧ ಮಕ್ಕಳು ಒಳಗಿನ ಜಗಲಿಯ ಮೇಲೆ, ಅರ್ಧ ಹೊರಗಿನ ಕಟ್ಟೆಯ ಸುತ್ತ ಬಿಸಿಲಿನಲ್ಲಿ. ಹೊರಗಿದ್ದವರು ಗುಣಿಯಲ್ಲಿ ಕೋಲು ಕುಟ್ಟಬೇಕು, ಒಳಗಿದ್ದವರು ಮಲಗಿದಂತೆ ನಟಿಸಬೇಕು. ಇದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಒಮ್ಮೆ ಊರ ಗೌಡರು ಶಾಲೆಗೆ ದಯಮಾಡಿಸಿದರು. ಮೀಸೆ ಅವರಿಗಿಂತ ಮೊದಲು ಒಳಗೆ ಬಂತು.

"ಏನ್ರಿ ಅಕ್ಕೋರ, ನಮ್ಮ ಮೊಮ್ಮಗನ್ನ ಬಿಸಲಾಗ ಹೊರಗ ಕುಂದ್ರಿಸಿದ್ರಂತ?"

"ಹೌದ್ರಿ ಗೌಡ್ರ, ಅರ್ಧಾ ತಾಸ ಕುಂತಾನ. ನಮ್ಮ ಮುತ್ಯಾ ಜೀವಮಾನ ಕುಂತಿದ್ದ. ಯಾರೂ ದೂರ ತರಲಿಲ್ರಿ."

ಗೌಡರು ಹೆಡ್‌ಮಾಸ್ತರರ ಕಡೆ ನೋಡಿದರು. ಹೆಡ್‌ಮಾಸ್ತರರು ಗೋಡೆಯ ನಕಾಶೆಯಲ್ಲಿ ಅರಬ್ಬೀ ಸಮುದ್ರವನ್ನು ಅಭ್ಯಾಸ ಮಾಡತೊಡಗಿದರು. ಗೌಡರು ಚಹಾ ಕುಡಿದು ಹೋದರು. ಶಾಲೆಯ ಲೋಟದಲ್ಲಿ.

ಅಷ್ಟರಲ್ಲಿ ಅಗಸಿ ತನ್ನ ಪಾಡಿಗೆ ತಾನು ಬೀಳುತ್ತಿತ್ತು. ಬುರುಜಿನ ನೆತ್ತಿಯಲ್ಲಿ ಆಲದ ಗಿಡ ಹುಟ್ಟಿ ಬೇರನ್ನು ಕಲ್ಲುಗಳ ನಡುವೆ ಇಳಿಸಿತ್ತು. ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹೊರೆಯಿಂದ ಕಮಾನನ್ನು ತಿಕ್ಕಿಕೊಂಡು ಹೋಗುತ್ತಿದ್ದವು. ತೆಗೆದುಬಿಡಿ, ರಸ್ತೆ ಅಗಲವಾದೀತು ಎಂಬುದು ಊರಿನ ಪ್ರಗತಿಪರ ಅಭಿಪ್ರಾಯ. ನಿವೃತ್ತರಾದ ಅಕ್ಕೋರು ಕಬ್ಬು ಕಡಿಯುವ ದಿನಗಳಲ್ಲಿ ಹೊರಗಿನ ಕಟ್ಟೆಯ ಮೇಲೆ ಕೂತು, ಛತ್ರಿ ಚಾಚಿ, ಟ್ರ್ಯಾಕ್ಟರುಗಳನ್ನು ಹಳ್ಳದ ಬದಿಯ ದಾರಿಗೆ ತಿರುಗಿಸಲಾರಂಭಿಸಿದರು. ಚಚಡಿ ಕಡೆಯ ಡ್ರೈವರನೊಬ್ಬ ಗಾಡಿ ನಿಲ್ಲಿಸಿ ನಕ್ಕ.

"ಏನ ಅಕ್ಕೋರ, ಮನೆತನದ ಕಾವಲಾ ಇನ್ನೂ ಬಿಟ್ಟಿಲ್ಲೇನ್ರಿ?"

"ಪಗಾರ ಬಂದಿಲ್ಲಪಾ ತಮ್ಮಾ. ಬಂದ ಕೂಡ್ಲೇ ಬಿಡತೇನಿ. ನೀ ಆ ಕಡಿ ಹೊಳ್ಳಸ."

ಅವನು ಹೊರಳಿಸಿದ.

ಕೆಡವುವುದು ಬೇಡವೆಂದವರು ಅವರೊಬ್ಬರೇ ಎಂಬುದು ಊರಿಗೆ ಒಗಟಾಗಿತ್ತು. ಪಂಚಾಯ್ತಿಯ ಅಧ್ಯಕ್ಷರು ಒಂದು ದಿನ ನನ್ನೆದುರೇ ನಯವಾಗಿ ಕೇಳಿದರು: "ಅಲ್ರಿ ಅಕ್ಕೋರ, ನಿಮ್ಮ ಮಂದೀನ ಹೊರಗ ಇಟ್ಟದ್ದ ಅಗಸಿ ಅದು. ನಾವ ಕೆಡವತೇವಿ ಅಂದ್ರ ನೀವ ಯಾಕ್ರಿ ಅಡ್ಡ ಬರತೀರಿ? ಪೇಡೆ ಹಂಚಬೇಕ್ರಿ ನೀವು."

"ಕೆಡವ್ರಿ. ಕೆಡವಿ, ಇಂಥಾದ್ದಕ್ಕ ಕೆಡವಿದ್ವಿ ಅಂತ ಅಲ್ಲೇ ಬರಸ್ತೀರೇನ್ರಿ?"

"ರಸ್ತಾ ಸಲುವಾಗಿ ಅಂತ ಬರಸ್ತೇವಲ್ರಿ."

"ಅದಕ್ಕ ಬ್ಯಾಡ ಅಂದೆ."

ಕೇರಿಯ ಹುಡುಗರೂ ಅವರ ಪರವಾಗಿರಲಿಲ್ಲ. "ಬೀಳ್ಲಿ ಬಿಡ್ರಿ ಅಕ್ಕೋರ, ಅದನ್ನ ನೋಡಿದ್ರ ಮೈ ಉರೀತೈತಿ" ಎಂದರೆ, "ಉರೀಲಿ ಅಂತನ ಉಳಸಾಕತ್ತೇನಿ" ಎನ್ನುತ್ತಿದ್ದರು. ಹುಡುಗರು ತಲೆ ಕೆರೆದುಕೊಂಡು ಹೋಗುತ್ತಿದ್ದರು.

ಅಗಸಿಯನ್ನು ಉಳಿಸಲು ಸವದತ್ತಿಗೆ, ಬೆಳಗಾವಿಗೆ, ಧಾರವಾಡಕ್ಕೆ ಬಸ್ಸು ಹತ್ತಿ ಅವರು ಕಂಡ ಕಚೇರಿಗಳನ್ನು ಹೇಳಿ ಓದುಗರನ್ನು ದಣಿಸಲಾರೆ. ಅಕ್ಕೋರು ದಣಿದದ್ದು ಸಾಕು. ಕೊನೆಗೊಮ್ಮೆ ಪ್ರಾಚ್ಯವಸ್ತು ಇಲಾಖೆಯ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ದಾರಿಯಲ್ಲಿ ಇಳಿದದ್ದು. ಅಕ್ಕೋರ ಒತ್ತಾಯಕ್ಕೆ ನಾನೂ ಹಾಜರಿದ್ದೆ.

"ಯಾವ ರಾಜಾ ಕಟ್ಟಿಸಿದ್ದ್ರೀ?" ಸಾಹೇಬರು ಕೇಳಿದರು.

"ರಾಜಾ ಯಾರೋ ಗೊತ್ತಿಲ್ರಿ ಸಾಹೇಬ್ರ. ಕಾದವರು ಯಾರಂತ ಗೊತ್ತೈತಿ."

"ಶಾಸನ, ಕೆತ್ತನಿ ಏನರ?"

ಅಕ್ಕೋರು ಛತ್ರಿಯ ತುದಿಯಿಂದ ಗುಣಿ ತೋರಿಸಿದರು. ಸಾಹೇಬರು ಬಗ್ಗಿ ನೋಡಿದರು. "ಇದು ಒಳ್ಳಲ್ರಿ? ಖಾರಾ ಕುಟ್ಟೂದು?"

ಅಕ್ಕೋರು ವಿವರಿಸಿದರು. ಕೋಲು, ಕಾವಲು, ಅಗುಳಿ, ಎಲ್ಲ. ಸಾಹೇಬರು ಸೌಜನ್ಯದಿಂದ ಕೇಳಿದರು. ರಾಜನಿಲ್ಲದ ಅಗಸಿಯನ್ನು ಯಾವ ಕಲಮಿನಡಿ ರಕ್ಷಿಸುವುದೆಂದು ತಮಗೆ ಹೊಳೆಯುತ್ತಿಲ್ಲವೆಂದು ವಿಷಾದಿಸಿ ಜೀಪು ಹತ್ತಿದರು. ಗುಡ್ಡದ ಹತ್ತಿರದ ಉಗರಗೋಳದಲ್ಲಿ ಅವರ ಊಟದ ಹೊತ್ತು ಮೀರುತ್ತಿತ್ತು.

ಮರುವರ್ಷ ಯಾರೂ ನಿರೀಕ್ಷಿಸದ ದಿಕ್ಕಿನಿಂದ ಅಗಸಿಗೆ ಅದೃಷ್ಟ ಒದಗಿತು. ಅಧ್ಯಕ್ಷರ ಮಗಳ ಮದುವೆ ಗೊತ್ತಾಯಿತು. ಬೀಗರು ಹುಬ್ಬಳ್ಳಿಯ ದೊಡ್ಡ ಕುಳ. ದಿಬ್ಬಣ ಅಗಸಿಯಿಂದಲೇ ಒಳಗೆ ಬರಬೇಕೆಂಬುದು ಊರಿನ ಸಂಪ್ರದಾಯ. ಹಲ್ಲು ಬಿದ್ದ ಮುದುಕಿಯಂಥ ಅಗಸಿಯನ್ನು ನೋಡಿ ಬೀಗರು ಏನೆಂದಾರು? ರಾತ್ರೋರಾತ್ರಿ ಪರಂಪರೆಯ ಬಗ್ಗೆ ಗೌರವ ಹುಟ್ಟಿತು. ಸಮಿತಿಯಾಯಿತು. ಅಧ್ಯಕ್ಷರು ತಾವಾಗಿ ಕೇರಿಗೆ ಹೋಗಿ, "ಅಕ್ಕೋರ, ನಿಮ್ಮ ಮಾತ ಗೆದ್ದಿತ್ರಿ. ದುರಸ್ತಿ ಮಾಡಸ್ತೇವಿ" ಎಂದರು. ಅಂದು ಅಕ್ಕೋರು ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತು ಈ ಸುದ್ದಿ ಹೇಳಿದ ರೀತಿ ನನಗೆ ನೆನಪಿದೆ. ಛತ್ರಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಹಳೆಯ ಗಾರೆಯನ್ನೇ ಅರೆದು ಹಾಕಬೇಕು, ಆಲದ ಬೇರು ಹುಷಾರಾಗಿ ತೆಗೆಯಬೇಕು, ಹೊರಗಿನ ಕಟ್ಟೆಯನ್ನು ಮುಟ್ಟಲೇಬಾರದು ಎಂದು ಕಟ್ಟಡ ಕೆಲಸದ ಗೌಂಡಿಗೆ ತಾಕೀತು ಮಾಡಿದರು. ಗೌಂಡಿ ಎಲ್ಲಕ್ಕೂ "ಹೂಂನ್ರಿ" ಎಂದ. ಅಷ್ಟರಲ್ಲಿ ಸುರೇಬಾನಕ್ಕೆ ಕೊಟ್ಟ ಅಕ್ಕೋರ ತಂಗಿಗೆ ಕಾಲು ಮುರಿಯಿತೆಂದು ಫೋನು ಬಂತು, ಆರೈಕೆಗೆಂದು ಹೋದರು.

ಅವರಿಗೆ ಹಿಗ್ಗಾಗಲಿ, ಬರುವುದರೊಳಗೆ ಮುಗಿಸಿ ಬೆರಗುಗೊಳಿಸೋಣ ಎಂದು ಸಮಿತಿ ಕೆಲಸವನ್ನು ಚುರುಕುಗೊಳಿಸಿತು. ಕೆಟ್ಟ ಬುದ್ಧಿ ಯಾರಿಗೂ ಇರಲಿಲ್ಲ ಎಂಬುದನ್ನು ಇಲ್ಲಿ ಪ್ರಮಾಣ ಮಾಡಿ ಹೇಳುತ್ತೇನೆ. ಗಾರೆ ಅರೆಯುವ ಹೊತ್ತೆಲ್ಲಿ? ಸಂದುಸಂದಿಗೆ ಸಿಮೆಂಟು ಬಡಿದರು. ಮೇಲೆ ಕೆಂಪು ಎಣ್ಣೆಬಣ್ಣ, ಅಂಚಿಗೆ ಹಳದಿ. ಬುರುಜುಗಳ ಮೇಲೆ ಎರಡು ಸಿಮೆಂಟಿನ ಸಿಂಹಗಳು ಬಂದು ಕೂತವು. ಮುಖ ಗೌಂಡಿಯ ಮಾವನನ್ನು ಹೋಲುತ್ತಿತ್ತು.

ಅಕ್ಕೋರು ಬಸ್ಸಿಳಿದಾಗ ರಿಬ್ಬನ್ ಕಟ್ಟಿತ್ತು. ಹಾರ ಹಾಕಿದರು, ಶಾಲು ಹೊದಿಸಿದರು, ಕೈಗೆ ಕತ್ತರಿ ಕೊಟ್ಟರು. ಅವರು ಕತ್ತರಿ ಹಿಡಿದುಕೊಂಡೇ ಬಲಗಡೆ ಹೋದರು. ಕಟ್ಟೆಯ ಮೇಲೆ ನೀಲಿ ಟೈಲ್ಸ್ ಮಿಂಚುತ್ತಿದ್ದವು.

"ಗುಣಿ ಎಲ್ಲೈತ್ರಿ?"

"ಯಾವ ಗುಣಿ ಅಕ್ಕೋರ?" ಎಂದರು ಅಧ್ಯಕ್ಷರು.

ಗೌಂಡಿ ಹೆಮ್ಮೆಯಿಂದ ಮುಂದೆ ಬಂದ. "ಕಟ್ಟಿ ಮ್ಯಾಲಿಂದೇನ್ರಿ? ಸಿಮಿಟಿ ತುಂಬಿ ಸಪಾಟ ಮಾಡಿ ಟಾಯಿಲ್ಸ್ ಕುಂದ್ರಿಸೇನ್ರಿ. ನೀರ ನಿಂತ ಸೊಳ್ಳಿ ಆಗತಿದ್ದುವು. ನಿಮಗ ಕುಂದ್ರಾಕ ಚಲೋ ಆಗಲಿ ಅಂತರಿ."

ರಿಬ್ಬನನ್ನು ಕೊನೆಗೆ ಯಾರು ಕತ್ತರಿಸಿದರೋ ನನಗೆ ನೆನಪಿಲ್ಲ. ಬ್ಯಾಂಡಿನವರು ಮಾತ್ರ ಹೇಳಿದ ಹೊತ್ತಿಗೆ ಬಾರಿಸಿದರು.

ಮರುದಿನ ನಡುಮಧ್ಯಾಹ್ನ ಅಗಸಿಯ ಕಡೆಯಿಂದ ಟಕಟಕ ಸಪ್ಪಳ ಕೇಳಿ ನಾನು ಹೊರಗೆ ಬಂದೆ. ಅಕ್ಕೋರು ಮಣ್ಣಿನಲ್ಲಿ ಮಂಡಿಯೂರಿ ಕೂತು, ತಮ್ಮನ ಉಳಿ ಸುತ್ತಿಗೆಯಿಂದ ಟೈಲ್ಸ್ ಒಡೆಯುತ್ತಿದ್ದರು. ಟೈಲ್ಸ್ ಸುಲಭವಾಗಿ ಬಂದವು. ಕೆಳಗೆ ಗುಣಿಯಿದ್ದಲ್ಲಿ ದುಂಡನೆಯ ಬೂದು ಸಿಮೆಂಟು. ಅದರ ಅಂಚಿಗೆ ಉಳಿ ಇಟ್ಟು ಹೊಡೆದಾಗ ಸಿಮೆಂಟಿನ ಜೊತೆ ಹಳೆಯ ಕಲ್ಲೂ ಚಕ್ಕೆಯೆದ್ದಿತು. ಇನ್ನೊಮ್ಮೆ ಹೊಡೆದರು. ಗುಣಿಯ ಅಂಚು ಇನ್ನಷ್ಟು ಹೋಯಿತು. ಓಡಿ ಬಂದ ಗೌಂಡಿ ಕೈ ಮುಗಿದ: "ಬಿಡ್ರಿ ಅಕ್ಕೋರ, ಸಿಮಿಟಿ ಕಲ್ಲ ಹಿಡದೈತಿ. ಅದನ್ನ ತಗದ್ರ ಇದೂ ಬರತೈತಿ. ಗುಣಿ ಉಳಿಯಂಗಿಲ್ರಿ."

ಅಕ್ಕೋರು ಉಳಿಯನ್ನು ಕೆಳಗಿಟ್ಟರು. ಬೂದು ದುಂಡನ್ನು ಸೆರಗಿನಿಂದ ಒರೆಸಿದರು, ತಿಕ್ಕಿದರು, ಮತ್ತೆ ಒರೆಸಿದರು. ಅಳಲಿಲ್ಲ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಸಮಾಧಾನದ ಮಾತುಗಳು ಬಾಯಿಗೆ ಬಂದು ನಿಂತಿದ್ದವು. ಅವು ಅಲ್ಲೇ ಉಳಿದವು.

ಇತ್ತ ಸಿಮೆಂಟು ತನ್ನ ಕೆಲಸ ಮಾಡುತ್ತಿತ್ತು. ಹಳೆಯ ಗೋಡೆಗಳ ಹೊಟ್ಟೆಯಲ್ಲಿ ಮಣ್ಣು ಮತ್ತು ಜಲ್ಲಿ. ಮೇಲಿಂದ ಇಳಿದ ಮಳೆನೀರು ಮೊದಲೆಲ್ಲ ಸಂದುಗಳಿಂದ ಬೆವರಿ ಹೋಗುತ್ತಿತ್ತು. ಈಗ ಹೋಗಲು ದಾರಿಯಿಲ್ಲ. ಮೊದಲು ಕಂಡವರು ಅಕ್ಕೋರೇ. "ಸರ, ಬಲಗಡಿ ಬುರುಜಿಗೆ ಹೊಟ್ಟಿ ಬಂದೈತ್ರಿ. ಬಣ್ಣ ಸೀಳೈತಿ ನೋಡ್ರಿ." ಮತ್ತೆ ಬಸ್ಸು, ಮತ್ತೆ ಕಚೇರಿ. ಈಗ ಅಲ್ಲಿ ದೊರೆತ ಉತ್ತರ ತರ್ಕಬದ್ಧವಾಗಿತ್ತು: ಈಗಷ್ಟೇ ದುರಸ್ತಿಯಾಗಿದೆ, ಮತ್ತೆ ಯಾಕೆ ದುರಸ್ತಿ?

ಎರಡನೆಯ ಮಳೆಗಾಲದಲ್ಲಿ, ಜಿನುಗು ಹಿಡಿದ ಒಂದು ಸಂಜೆ, ಬುರುಜು ಕಮಾನನ್ನು ಎಳೆದುಕೊಂಡು ಕೂತಿತು. ಯಾರಿಗೂ ಏನೂ ಆಗಲಿಲ್ಲ. ಆಗಿದ್ದರೆ ಪತ್ರಿಕೆಯಲ್ಲಾದರೂ ಬರುತ್ತಿತ್ತು. ಸಿಂಹಗಳಲ್ಲಿ ಒಂದು ಮಾತ್ರ ಇಡಿಯಾಗಿ ಉಳಿದು, ರಾಶಿಯ ಮೇಲೆ ಪಹರೆಗೆ ಕೂತಂತಿತ್ತು.

ಬೆಳಗ್ಗೆ ಜೆಸಿಬಿ ಬಂತು. ಇಷ್ಟು ವರ್ಷ ಅದನ್ನು ಉಳಿಸಲು ಒಂದು ಬೆರಳೂ ಎತ್ತದ ಊರು, ಆ ದಿನ ಮಧ್ಯಾಹ್ನದೊಳಗೆ ಎಲ್ಲವನ್ನೂ ಹಳ್ಳದ ರಸ್ತೆಯ ತಗ್ಗಿಗೆ ಸುರಿದು ಮುಗಿಸಿತು. ಮೈಯಲ್ಲಿ ಜ್ವರವಿದ್ದ ಅಕ್ಕೋರಿಗೆ ಸುದ್ದಿ ತಡವಾಗಿ ಮುಟ್ಟಿತು. ನಾನು ಹಳ್ಳಕ್ಕೆ ಹೋಗುವ ಹೊತ್ತಿಗೆ ಅವರು ತಗ್ಗಿನಲ್ಲಿ ಇಳಿದಿದ್ದರು. ತಮ್ಮನು ಅವರ ರಟ್ಟೆ ಹಿಡಿದಿದ್ದ. ಛತ್ರಿಯಿಂದ ಕಲ್ಲು ಕಲ್ಲನ್ನೂ ಮೀಟುತ್ತ ದುಂಡನೆಯ ಬೂದು ಗುರುತು ಹುಡುಕುತ್ತಿದ್ದರು.

"ಯಾವ ಕಲ್ಲ ಬೇಕ್ರಿ ಅಕ್ಕೋರ? ಒಂದಲ್ಲ, ಹತ್ತ ಒಯ್ಯರಿ," ಎಂದ ಜೆಸಿಬಿಯವನು. ಒಳ್ಳೆಯ ಮನುಷ್ಯ. ಎರಡು ಮೂರು ದೊಡ್ಡ ಕಲ್ಲುಗಳನ್ನು ಮಗುಚಿಯೂ ತೋರಿಸಿದ. ಆಮೇಲೆ ಅಡಿಯ ಕಲ್ಲುಗಳ ಮೇಲೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಜಲ್ಲಿ. ಮುಂದಿನ ವಾರ ಕಾಂಕ್ರೀಟು.

"ಎಲ್ಲಾ ಒಂದ ನಮೂನಿ ಕಾಣತಾವ್ರಿ ಸರ," ಎಂದು ಮೇಲೆ ಬಂದರು. ಕಾಲಿಗೆ ಗಾಯವಾಗಿತ್ತು. ಅದನ್ನು ಅವರು ಗಮನಿಸಿದಂತಿರಲಿಲ್ಲ.

ಆಮೇಲೆ ಅವರು ಬದುಕಿದ್ದು ವರ್ಷಕ್ಕೂ ಕಡಿಮೆ. ಬಸ್ಸು ಹತ್ತುವುದು ನಿಂತಿತು, ಯಾರೊಂದಿಗೂ ಜಗಳವೂ ನಿಂತಿತು. ಇದನ್ನು ಊರು ಸುಧಾರಣೆಯೆಂದೇ ಪರಿಗಣಿಸಿತು. ನಾನೊಮ್ಮೆ ಮನೆಗೆ ಹೋದಾಗ, ಶಾಲೆಯ ಮಕ್ಕಳನ್ನು ಇಲ್ಲಿಗೇ ಕರೆತಂದರೆ ಆ ಕಾವಲಿನ ಸಂಗತಿ ಹೇಳಬಹುದಲ್ಲ ಎಂದು ಸೂಚಿಸಿದೆ. ತಮ್ಮ ಲೋಟದಲ್ಲಿ ನನಗೆ ಚಹಾ ಕೊಟ್ಟು, ಎದುರಿಗೆ ಕೂತರು.

"ಇಷ್ಟ ದಿನ ಕಲ್ಲ ತೋರಿಸಿ ಸುಮ್ಮನ ನಿಲ್ಲತಿದ್ದೆರಿ ಸರ. ಇನ್ನ ನಾ ಹೇಳಿದ್ರ ಅದು ಕತಿ ಆಗತೈತಿ. ಕತಿ ಅಂದ್ರ, ಹೌದೋ ಅಲ್ಲೋ ಅಂತ ಕೇಳತಾರ."

ಚಹಾ ಆರಿತ್ತು. ಕುಡಿದು ಲೋಟ ತೊಳೆಯಲು ಎದ್ದೆ. ಬೇಡವೆನ್ನಲಿಲ್ಲ.

ಶ್ರದ್ಧಾಂಜಲಿ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಅಧ್ಯಕ್ಷರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅಗಸಿಯಿದ್ದ ಜಾಗದಲ್ಲಿ ಭವ್ಯವಾದ ಸ್ವಾಗತ ಕಮಾನು ಕಟ್ಟುವುದಾಗಿಯೂ, ಅದಕ್ಕೆ ಅಕ್ಕೋರ ಹೆಸರಿಡುವುದಾಗಿಯೂ ಘೋಷಿಸಿದರು. "ಯಾಕಂದ್ರ ಈ ಊರ ಅಗಸಿ ಎಂದೂ ಯಾರನ್ನೂ ಹೊರಗ ಇಟ್ಟಿದ್ದಿಲ್ಲ. ಬಂದವರಿಗೆಲ್ಲಾ ಬಾಗಲಾ ತಗದ ಕರಕೊಂಡ ಊರ್ರಿ ಇದು!" ಶೋಕಸಭೆಯೆಂಬುದನ್ನು ಮರೆತು ಜನ ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಲ್ಲಿ ಅಕ್ಕೋರ ತಮ್ಮ ಎದ್ದು ನಿಂತ. ಕಂಬದ ಮೇಲೆ ಹೊರತು ಬೇರೆಲ್ಲೂ ಅವನ ದನಿ ಕೇಳಿದವರಿಲ್ಲ.

"ಹೆಸರ ಬ್ಯಾಡ್ರಿ."

"ಯಾಕಪಾ ತಮ್ಮಾ? ಮರ್ಯಾದಿ ಕೊಡಾಕತ್ತೇವಿ," ಎಂದರು ಅಧ್ಯಕ್ಷರು.

"ಅಕ್ಕನ ಹೆಸರೂ ಬ್ಯಾಡ, ಮುತ್ಯಾನ ಹೆಸರೂ ಬ್ಯಾಡ್ರಿ. 'ರಾತ್ರಿ ಬಾಗಲಾ ಹಾಕಿದ ಮ್ಯಾಲ ಕಾವಲಿನವ ಇಲ್ಲೆ ಹೊರಗ ಕುಂದ್ರತಿದ್ದ.' ಅಷ್ಟ ಬರಸ್ರಿ. ಸಾಕು."

ಅಧ್ಯಕ್ಷರು ಪಕ್ಕದಲ್ಲಿದ್ದ ಗುತ್ತಿಗೆದಾರನ ಮುಖ ನೋಡಿದರು. ಗುತ್ತಿಗೆದಾರ ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳಾಡಿಸಿ, ಮನಸ್ಸಿನಲ್ಲೇ ಅಳತೆ ಹಾಕಿದ.

"ಅಷ್ಟ ಅಕ್ಷರ ಹಿಡಿಯಂಗಿಲ್ರಿ."

"ಜಾಗಾ ಇಲ್ಲಂತಪಾ," ಎಂದರು ಅಧ್ಯಕ್ಷರು, ಮೆಲ್ಲಗೆ. ಎಲ್ಲರಿಗೂ ಉಸಿರು ಬಂತು.

ಕಮಾನು ಈಗ ಎದ್ದು ನಿಂತಿದೆ. 'ಸುಸ್ವಾಗತ' ಎಂದಷ್ಟೇ ಇದೆ. ಸವದತ್ತಿಯ ಬಸ್ಸೂ ಬೈಲಹೊಂಗಲದ ಬಸ್ಸೂ ಒಮ್ಮೆಗೇ ಎದುರುಬದುರಾದರೂ, ಅದರಡಿಯಲ್ಲಿ ಒಂದಕ್ಕೊಂದು ತಾಗದೆ ಹಾದು ಹೋಗುತ್ತವೆ.